ಗೋಡೆಯ ತೂತಿನಲ್ಲಿ ಸಿಕ್ಕ ತೋಳು

ಹೋದ ತಿಂಗಳು ಹಳೆ ರೇಷ್ಮೆ ಸೀರೆ ಕಾಪಾಡುವ ಬಗ್ಗೆ ಬರೆಯುವಾಗ, ಈಜಿಪ್ಟಿನ ದೊರೆ ಜೆರ್‌ನ ಸಮಾಧಿಯಲ್ಲಿ ಸಿಕ್ಕ ಬಟ್ಟೆಯ ಮಾತು ಎರಡು ಸಾಲಿನಲ್ಲಿ ಬಂದು ಹೋಗಿತ್ತು. ಆ ಬಟ್ಟೆಯನ್ನೂ ಅದರೊಳಗಿನ ತೋಳನ್ನೂ ಬಿಸಾಡಿದರು ಎಂದಷ್ಟೇ ಬರೆದಿದ್ದೆ. ಸೀರೆಯ ಬಗ್ಗೆ ಒಂದೇ ಕಾಗದ ಬಂತು. ಮಿಕ್ಕ ಕಾಗದಗಳೆಲ್ಲ ಜೆರ್ ಬಗ್ಗೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅವನದೇ.

ಜೆರ್ ಅಂದರೆ ಯಾರು ಮೇಡಂ? ಪಿರಮಿಡ್ ಕಟ್ಟಿಸಿದವನಾ? ನಮ್ಮ ಪುಸ್ತಕದಲ್ಲಿ ಟುಟಾಂಕಾಮನ್ ಹೆಸರು ಮಾತ್ರ ಇದೆ.
— ಪಿಯುಸಿ ವಿದ್ಯಾರ್ಥಿನಿ, ಸಾಗರ

ಇಲ್ಲಮ್ಮ, ಅವನ ಕಾಲಕ್ಕೆ ಪಿರಮಿಡ್ಡೇ ಇರಲಿಲ್ಲ. ಈಜಿಪ್ಟಿನ ಮೊದಲ ರಾಜವಂಶದಲ್ಲಿ ನಾರ್ಮೆರ್, ಆಮೇಲೆ ಅಹಾ, ಅವನ ನಂತರ ಜೆರ್. ಕ್ರಿ.ಪೂ. 3000ದ ಆಸುಪಾಸಿನವನು. ಗಿಝಾದ ದೊಡ್ಡ ಪಿರಮಿಡ್ ಏಳುವುದಕ್ಕೆ ಇನ್ನೂ 400 ವರ್ಷಕ್ಕಿಂತ ಜಾಸ್ತಿ ಇತ್ತು. ನಿನಗೆ ಗೊತ್ತಿರುವ ಟುಟಾಂಕಾಮನ್ ಬಂದದ್ದು ಇವನಾದ ಮೇಲೆ ಸುಮಾರು 1600 ವರ್ಷಕ್ಕೆ. ಹಲ್ಮಿಡಿ ಶಾಸನಕ್ಕೂ ನಿನಗೂ ಎಷ್ಟು ದೂರವೋ, ಹೆಚ್ಚು ಕಡಿಮೆ ಅಷ್ಟು.

ಅವನ ಹೆಸರು ಬರೆದಿರುವ ರೀತಿ ನನಗೆ ಬಹಳ ಇಷ್ಟ. ಒಂದು ಚೌಕಟ್ಟು. ಚೌಕಟ್ಟಿನ ಕೆಳಗಡೆ ಅರಮನೆಯ ಮುಂಗೋಡೆಯ ಉದ್ದುದ್ದ ಪಟ್ಟಿಗಳು, ಮೇಲ್ಗಡೆ ಹೆಸರು. ಆ ಮನೆಯ ಸೂರಿನ ಮೇಲೆ ಒಂದು ಗಿಡುಗ ಕೂತಿರುತ್ತದೆ. ಗಿಡುಗ ಅಂದರೆ ಹೋರಸ್ ದೇವರು. ದೊರೆ ಒಳಗೆ, ದೇವರು ಮೇಲೆ. ಈ ಗಿಡುಗವನ್ನು ನೆನಪಿಟ್ಟುಕೋ, ಮುಂದೆ ಮತ್ತೆ ಬರುತ್ತದೆ.

ಐದು ಸಾವಿರ ವರ್ಷದ ಹಿಂದಿನವನು ಎಷ್ಟು ವರ್ಷ ಆಳಿದ, ಏನು ಮಾಡಿದ ಅಂತ ಹೇಳುವುದೆಲ್ಲ ಊಹೆ ತಾನೇ?
— ಕಂದಾಯ ಇಲಾಖೆಯ ನಿವೃತ್ತ ನೌಕರ, ಗದಗ

ಪೂರ್ತಿ ಊಹೆಯಲ್ಲ ಸಾರ್. ನಿಮ್ಮಂಥವರೇ ಬರೆದಿಟ್ಟ ಲೆಕ್ಕ ಸ್ವಲ್ಪ ಉಳಿದಿದೆ.

ಆಗ ವರ್ಷಕ್ಕೆ ನಂಬರ್ ಇರಲಿಲ್ಲ. ಪ್ರತಿ ವರ್ಷಕ್ಕೂ ಆ ವರ್ಷ ನಡೆದದ್ದರ ಮೇಲೆ ಒಂದು ಹೆಸರು. ಇಂಥ ದೇವರ ಮೂರ್ತಿ ಮಾಡಿಸಿದ ವರ್ಷ, ಇಂಥ ಹಬ್ಬದ ವರ್ಷ, ಹೀಗೆ. ಐದನೇ ರಾಜವಂಶದ ಹೊತ್ತಿಗೆ ಈ ಹೆಸರುಗಳನ್ನೆಲ್ಲ ಒಂದು ಕಪ್ಪು ಕಲ್ಲಿನ ಎರಡೂ ಮುಖದ ಮೇಲೆ, ವರ್ಷಕ್ಕೊಂದು ಮನೆ ಗೀರಿ, ಸಾಲಾಗಿ ಕೆತ್ತಿದರು. ಆ ಕಲ್ಲು ಒಡೆದು ಹೋಗಿದೆ. ಹೆಸರಾದ ಚೂರು ಇಟಲಿಯ ಪಲೆರ್ಮೊದಲ್ಲಿದೆ, ಕೆಲವು ಚೂರು ಕೈರೋದಲ್ಲಿ. ಜೆರ್‌ನ ವರ್ಷಗಳು ಈ ಎರಡು ಊರಿಗೆ ಹಂಚಿಹೋಗಿವೆ. ಮನೆಮನೆಯಾಗಿ ಎಣಿಸಿ, ಒಡೆದ ಜಾಗದಲ್ಲಿ ಎಷ್ಟು ಮನೆ ಹಿಡಿಯುತ್ತಿತ್ತು ಎಂದು ಲೆಕ್ಕ ಹಾಕಿ, ಸುಮಾರು 40 ವರ್ಷ ಆಳಿದ ಎನ್ನುತ್ತಾರೆ.

ನಿಮಗೆ ಹಿಡಿಸುವ ಎರಡು ವಿಷಯ ಹೇಳುತ್ತೇನೆ. ಆ ಕಲ್ಲಿನ ಮನೆಗಳ ಕೆಳತುದಿಯಲ್ಲಿ ಆ ವರ್ಷ ನೈಲ್ ನದಿ ಎಷ್ಟು ಏರಿತು ಎಂದು ಅಳತೆ ಬರೆಯುತ್ತಿದ್ದರು. ಅಳತೆ ಯಾವುದರಲ್ಲಿ ಅಂತೀರಾ? ಮೊಳ, ಗೇಣು, ಬೆರಳು. ನೀರು ಏರಿದಷ್ಟು ಬೆಳೆ, ಬೆಳೆಯಷ್ಟು ಕಂದಾಯ. ಇನ್ನೊಂದು, ಎರಡು ವರ್ಷಕ್ಕೊಮ್ಮೆ ಬರುವ ‘ಹೋರಸ್‌ನ ಹಿಂದೆ ಹೋಗುವುದು’ ಎಂಬ ವರ್ಷ. ದೊರೆ ತನ್ನ ಪರಿವಾರದ ಜತೆ ನದಿಯುದ್ದಕ್ಕೂ ದೋಣಿಯಲ್ಲಿ ಹೊರಟು, ಊರೂರಿನಲ್ಲಿ ಮುಖ ತೋರಿಸಿ, ಬರಬೇಕಾದದ್ದನ್ನು ವಸೂಲಿ ಮಾಡುತ್ತಿದ್ದ ಪ್ರವಾಸ ಅದು ಎಂದು ತಿಳಿದವರು ಹೇಳುತ್ತಾರೆ. ನೀವು ಜಮಾಬಂದಿ ಅನ್ನುತ್ತಿದ್ದಿರಲ್ಲ, ಹೆಚ್ಚು ಕಡಿಮೆ ಅದೇ.

ಜೆರ್‌ನ ಒಂದು ವರ್ಷದ ಹೆಸರು ‘ಸೆಚೆಟ್ ನಾಡನ್ನು ಬಡಿದ ವರ್ಷ’. ಸೆಚೆಟ್ ಅಂದರೆ ಪೂರ್ವದ ಕಡೆ, ಏಷ್ಯಾದ ದಿಕ್ಕಿನ ನಾಡು. ಅವನ ಕಾಲದಲ್ಲಿ ತಾಮ್ರ ಎಷ್ಟು ಹೇರಳವಾಗಿತ್ತು ಎನ್ನುವುದು ಕೈರೋ ಹತ್ತಿರದ ಸಕ್ಕಾರಾದಲ್ಲಿ ಪುರಾತತ್ವಜ್ಞ ವಾಲ್ಟರ್ ಎಮೆರಿ ಅಗೆದು ತೆಗೆದ ಒಂದು ಗೋರಿಯಲ್ಲಿ ಕಂಡಿತು. ಜೆರ್ ಕಾಲದ ಯಾರೋ ದೊಡ್ಡ ಮನುಷ್ಯನ ಗೋರಿ ಅದು. ಕೋಣೆಯೊಂದರಲ್ಲಿ ತಾಮ್ರದ ಪಾತ್ರೆ, ಗರಗಸ, ಚಾಕು, ಬಾಚಿ, ಸೂಜಿ ಎಲ್ಲ ರಾಶಿ ಬಿದ್ದಿತ್ತು. ಬಡಗಿಯ ಇಡೀ ಅಂಗಡಿಯೇ ಅಲ್ಲಿತ್ತು ಅನ್ನಿ.

ದೊರೆಯ ಜತೆ ನೂರಾರು ಜನರನ್ನು ಹೂಳಿದರಂತೆ. ಅವರು ತಾವಾಗಿ ಸತ್ತರೋ, ಕೊಂದರೋ? ನಮ್ಮ ಹಳೇಬೀಡಿನ ಕುವರ ಲಕ್ಷ್ಮನ ಕಂಬ ನೋಡಿದಾಗಿನಿಂದ ಇಂಥ ಸಾವು ನನ್ನ ತಲೆಯಲ್ಲೇ ಇದೆ.
— ಪ್ರವಾಸಿ ಮಾರ್ಗದರ್ಶಿ, ಹಾಸನ

ಮೊದಲು ಜಾಗ ಹೇಳಿಬಿಡುತ್ತೇನೆ. ಕೈರೋದಿಂದ ದಕ್ಷಿಣಕ್ಕೆ ಸುಮಾರು 500 ಕಿಲೋಮೀಟರ್ ಹೋದರೆ ಅಬಿಡೋಸ್. ಹಸಿರು ಹೊಲ ಮುಗಿದ ಕೂಡಲೇ ಮರಳು. ಆ ಮರಳಿನಲ್ಲಿ ಒಂದೂವರೆ ಕಿಲೋಮೀಟರ್ ಒಳಗೆ ಮೊದಲ ದೊರೆಗಳ ಸಮಾಧಿಗಳಿವೆ. ಜೆರ್‌ನದು ನೆಲದೊಳಗೆ ತೋಡಿ ಹಸಿ ಇಟ್ಟಿಗೆ ಕಟ್ಟಿದ ದೊಡ್ಡ ಗುಂಡಿ. ಅದರೊಳಗೆ ಮರದ ಹಲಗೆಯ ಕೋಣೆ, ಕೋಣೆಯಲ್ಲಿ ದೊರೆ. ಮೇಲೆ ತೊಲೆ ಹಾಸಿ ಮುಚ್ಚಿದ್ದರು.

ಆ ಗುಂಡಿಯ ಸುತ್ತ ಸಣ್ಣ ಸಣ್ಣ ಗುಂಡಿಗಳ ಸಾಲು. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಗೂಡುಗಳು. ಜೆರ್‌ನ ಸಮಾಧಿಯ ಸುತ್ತ 318. ಹೊಲದ ಅಂಚಿನಲ್ಲಿ ಅವನ ಉತ್ತರಕ್ರಿಯೆಗೆಂದು ಕಟ್ಟಿದ ಆವರಣದ ಸುತ್ತ ಇನ್ನೂ 269. ಒಟ್ಟು 587. ಈಜಿಪ್ಟಿನ ಬೇರೆ ಯಾವ ದೊರೆಗೂ ಇಷ್ಟು ಜನ ಇಲ್ಲ.

ನೀವು ಕೇಳಿದ ಪ್ರಶ್ನೆಗೆ ಬರೋಣ. ಜೆರ್‌ಗಿಂತ ಹಿಂದಿನ ಅಹಾನ ಸಮಾಧಿಯ ಪಕ್ಕ ಸಿಕ್ಕ ಮೂಳೆಗಳು ಬಹುತೇಕ ಇಪ್ಪತ್ತು, ಇಪ್ಪತ್ತೈದರ ಒಳಗಿನ ಗಂಡಸರದು. ಸಾಯುವ ವಯಸ್ಸಲ್ಲ ಅದು. ಅಹಾನ ಆವರಣದ ಪಕ್ಕದ ಗೋರಿಗಳನ್ನು ಅಮೆರಿಕದ ತಂಡ ಅಗೆದಾಗ, ಆ ಗೋರಿಗಳ ಚಾವಣಿಯ ಮೇಲೆ ಒಂದೇ ಸಲಕ್ಕೆ ಗಿಲಾವು ಬಳಿದದ್ದು ಕಂಡಿತು. ಒಬ್ಬೊಬ್ಬರು ಒಂದೊಂದು ವರ್ಷ ಸತ್ತಿದ್ದರೆ ಹಾಗೆ ಬಳಿಯಲು ಆಗುತ್ತಿರಲಿಲ್ಲ. ಒಂದೇ ದಿನ, ಇಲ್ಲ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಒಳಗಿಟ್ಟಿದ್ದಾರೆ. ಅಂದರೆ ಕೊಂದಿದ್ದಾರೆ ಎಂದೇ ನಾನು ಓದುತ್ತೇನೆ. ಜೆರ್‌ನ 587 ಗೋರಿಗಳಲ್ಲಿ ಪ್ರತಿಯೊಂದೂ ಹಾಗೆಯೇ ತುಂಬಿತು ಎಂದು ನಾನು ಆಣೆ ಮಾಡುವುದಿಲ್ಲ.

ಕುವರ ಲಕ್ಷ್ಮ ತನ್ನ ದೊರೆ ವೀರ ಬಲ್ಲಾಳನಿಗೆ ಕೊಟ್ಟ ಮಾತಿಗೆ ಪ್ರಾಣ ಕೊಟ್ಟ, ಅದನ್ನು ಕಂಬವೇ ಅಕ್ಷರದಲ್ಲಿ ಹೇಳುತ್ತದೆ. ಅಬಿಡೋಸ್‌ನಲ್ಲಿ ಅಂಥ ಮಾತು ಯಾರೂ ಬರೆದಿಟ್ಟಿಲ್ಲ. ಆದ್ದರಿಂದ ಅಲ್ಲಿಯವರ ಮನಸ್ಸನ್ನು ನಮ್ಮ ಕಂಬದಿಂದ ಓದಬೇಡಿ. ಅಲ್ಲಿ ಇರುವುದು ಹೆಸರು ಮಾತ್ರ. ಮೊಳದುದ್ದದ ಒರಟು ಸುಣ್ಣದ ಕಲ್ಲು, ಅದರ ಮೇಲೆ ಕೂತ ಮನುಷ್ಯನ ಗುರುತು, ಪಕ್ಕದಲ್ಲಿ ಎರಡೋ ಮೂರೋ ಅಕ್ಷರ. ಜೆರ್‌ನ ಸುತ್ತ ಸಿಕ್ಕ ಇಂಥ ಕಲ್ಲುಗಳಲ್ಲಿ ಹೆಂಗಸರ ಹೆಸರೇ ಜಾಸ್ತಿ. ಅರಮನೆಯ ಕಲ್ಲುಕುಟಿಗರ ಕೆಲಸವಲ್ಲ ಅದು, ಉಳಿ ಜಾರಿದ್ದು ಕಾಣುತ್ತದೆ. ಆದರೂ ಯಾರೋ ಕೂತು ಆ ಹೆಂಗಸಿನ ಹೆಸರು ಅಳಿಯಬಾರದು ಎಂದು ಕೆತ್ತಿದ್ದಾರಲ್ಲ. ಆ ಕಲ್ಲುಗಳ ಫೋಟೋ ನೋಡುವಾಗ ನಾನು ಪುಟ ಬೇಗ ತಿರುಗಿಸಲಾರೆ.

ಜೆರ್ ಆದ ಮೇಲೆ ಈ ಲೆಕ್ಕ ಇಳಿಯುತ್ತಾ ಬಂತು. ಮೊದಲ ರಾಜವಂಶದ ಕೊನೆಯ ಕಾಆ ದೊರೆಯ ಸಮಾಧಿಯ ಸುತ್ತ ಇರುವುದು 26. ಆಮೇಲೆ ಪದ್ಧತಿಯೇ ನಿಂತಿತು. ಸತ್ತವರ ಸೇವೆಗೆ ಪುಟ್ಟ ಗೊಂಬೆಗಳನ್ನು ಇಡುವ ಪದ್ಧತಿ ಬಂದದ್ದು ಬಹಳ ತಡವಾಗಿ.

ದೊರೆಯ ಸಮಾಧಿ ಆಮೇಲೆ ದೇವರ ಸಮಾಧಿ ಆಯಿತು ಎಂದು ಎಲ್ಲೋ ಓದಿದ್ದೆ. ಹೇಗೆ?
— ಗೃಹಿಣಿ, ಕುಂದಾಪುರ

ಜೆರ್ ಸತ್ತು ಸಾವಿರ ವರ್ಷ ಕಳೆಯಿತು. ಅಷ್ಟರಲ್ಲಿ ಅಲ್ಲಿಯ ಸಮಾಧಿಗಳಿಗೆ ಬೆಂಕಿ ಬಿದ್ದಿತ್ತು, ಮರದ ಕೋಣೆ ಸುಟ್ಟಿತ್ತು, ಕಳ್ಳರೂ ನುಗ್ಗಿದ್ದರು. ಇಲ್ಲಿ ಮಲಗಿರುವುದು ಬಹಳ ಹಳೆಯ ದೊರೆಗಳು ಎನ್ನುವ ನೆನಪು ಮಾತ್ರ ಜನರಲ್ಲಿ ಉಳಿದಿತ್ತು. ಸತ್ತವರ ಲೋಕದ ಒಡೆಯ ಒಸಿರಿಸ್ ಕೂಡ ಮೊದಲು ಈಜಿಪ್ಟಿನ ದೊರೆಯೇ ಆಗಿದ್ದ ಎಂದು ಅವರ ಪುರಾಣ. ಹಾಗಾದರೆ ಅವನ ಸಮಾಧಿಯೂ ಇಲ್ಲೇ ಎಲ್ಲೋ ಇರಬೇಕಲ್ಲ? ಕೊನೆಗೆ ಜೆರ್‌ನ ಸಮಾಧಿಯನ್ನೇ ಒಸಿರಿಸ್‌ನದು ಎಂದು ಗುರುತಿಸಿದರು. ಒಳಗೆ ಕಸ ತೆಗೆದರು, ಇಳಿಯಲು ಮೆಟ್ಟಿಲು ಮಾಡಿದರು. ಕಪ್ಪು ಕಲ್ಲಿನಲ್ಲಿ ಮಂಚದ ಮೇಲೆ ಮಲಗಿದ ಒಸಿರಿಸ್‌ನನ್ನು ಕೆತ್ತಿ ಇಟ್ಟರು. ಮಂಚಕ್ಕೆ ಸಿಂಹದ ತಲೆ, ದೇವರ ಮೈಮೇಲೆ ಹಕ್ಕಿಯ ರೂಪದಲ್ಲಿ ಹೆಂಡತಿ ಐಸಿಸ್. 1898ರ ಜನವರಿಯಲ್ಲಿ ಫ್ರಾನ್ಸಿನ ಅಮೆಲಿನೋ ಅಗೆದಾಗ ಅದು ಅಲ್ಲೇ ಇತ್ತು.

ವರ್ಷಕ್ಕೊಮ್ಮೆ ಅಲ್ಲಿಗೆ ದೇವರ ಉತ್ಸವ ಹೋಗುತ್ತಿತ್ತು. ನಾಡಿನ ಮೂಲೆ ಮೂಲೆಯಿಂದ ಜನ ಬರುತ್ತಿದ್ದರು. ಬಂದವರು ಮಣ್ಣಿನ ಕುಡಿಕೆಯಲ್ಲಿ ಏನಾದರೂ ಇಟ್ಟು ಹೋಗುತ್ತಿದ್ದರು. ನೂರಾರು ವರ್ಷ ಹಾಗೇ ನಡೆಯಿತು. ಈಗ ಅಲ್ಲಿ ಕಾಲಿಟ್ಟಲ್ಲೆಲ್ಲ ಮಡಕೆ ಚೂರು, ಮರಳೇ ಕಾಣದಷ್ಟು. ಊರಿನವರು ಆ ಜಾಗಕ್ಕೆ ಉಮ್ ಎಲ್-ಕಾಬ್ ಎನ್ನುತ್ತಾರೆ. ಮಡಕೆಗಳ ತಾಯಿ ಎಂದರ್ಥ. ದೊರೆಗೆ ಮಾಡಿದ ಜಾಗದಲ್ಲಿ ದೇವರಿಗೆ ಕೈಮುಗಿದರು, ಆದರೆ ದೊರೆಯ ಹೆಸರು ಪೂರ್ತಿ ಕಳೆದುಹೋಗಲಿಲ್ಲ. ಅದೇ ಊರಿನಲ್ಲಿ ಸೇತಿ ದೊರೆ ಕಟ್ಟಿಸಿದ ದೇವಸ್ಥಾನದ ಗೋಡೆಯ ಮೇಲೆ 76 ಪೂರ್ವಿಕ ದೊರೆಗಳ ಪಟ್ಟಿ ಇದೆ. ಅದರಲ್ಲಿ ಮೂರನೆಯವನು ‘ಇತಿ’. ಅದು ಜೆರ್‌ನ ಇನ್ನೊಂದು ಹೆಸರು.

ತೋಳು ಬಿಸಾಡಿದರು ಎಂದು ಬರೆದಿದ್ದಿರಿ. ಓದಿ ಅವತ್ತು ಊಟ ಸೇರಲಿಲ್ಲ. ಯಾರು ಬಿಸಾಡಿದ್ದು, ಯಾಕೆ?
— ನರ್ಸ್, ದಾವಣಗೆರೆ

ನೀವು ದಿನಾ ಬ್ಯಾಂಡೇಜ್ ಸುತ್ತುವವರು, ನಿಮಗೆ ಇದು ಚೆನ್ನಾಗಿ ತಿಳಿಯುತ್ತದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಮೆಲಿನೋ ಬಿಟ್ಟುಹೋದ ಜಾಗವನ್ನು ಇಂಗ್ಲೆಂಡಿನ ಫ್ಲಿಂಡರ್ಸ್ ಪೀಟ್ರಿ ಮತ್ತೆ ಅಗೆದ. 1901ರ ಹೊತ್ತಿಗೆ ಜೆರ್‌ನ ಸಮಾಧಿಗೆ ಬಂದ. ಮೆಟ್ಟಿಲಿನ ಮೇಲ್ತುದಿಯ ಹತ್ತಿರ, ಉತ್ತರದ ಗೋಡೆಯಲ್ಲಿ ಒಂದು ಒಡಕು ತೂತು. ಅದರೊಳಗೆ ಬಟ್ಟೆ ಸುತ್ತಿದ ಒಂದು ತೋಳಿನ ತುಂಡು. ಯಾವುದೋ ಕಾಲದ ಕಳ್ಳ ಹೆಣದಿಂದ ಕಿತ್ತು, ಆಮೇಲೆ ಒಯ್ಯೋಣ ಎಂದು ಅಲ್ಲಿ ತುರುಕಿ, ಮತ್ತೆ ಬಾರದೇ ಹೋಗಿರಬೇಕು. ಅದರ ಪಕ್ಕದಲ್ಲೇ ಒಸಿರಿಸ್‌ನ ಭಕ್ತರು ಮೆಟ್ಟಿಲಿಳಿದು ಹೋಗಿದ್ದಾರೆ. ಅಮೆಲಿನೋನ ಜನ ಬುಟ್ಟಿ ಬುಟ್ಟಿ ಮಣ್ಣು ಹೊತ್ತಿದ್ದಾರೆ. ಯಾರ ಕಣ್ಣಿಗೂ ಬೀಳಲಿಲ್ಲ.

ಕಂಡವರು ನಾಲ್ಕು ಜನ ಕೂಲಿಗಳು. ಬಟ್ಟೆಯ ತುದಿಯಲ್ಲಿ ಇಣುಕಿದರೆ ಚಿನ್ನದ ದೊಡ್ಡ ಮಣಿ ಹೊಳೆಯಿತು. ಅವರು ಬಿಚ್ಚಲಿಲ್ಲ. ಇದ್ದಲ್ಲೇ ಇಟ್ಟು, ಪೀಟ್ರಿಯ ಸಹಾಯಕ ಮೇಸ್ ಬರುವ ತನಕ ಕಾದರು. ಸಂಜೆ ಆ ನಾಲ್ವರಲ್ಲಿ ಒಬ್ಬನನ್ನು ಸಾಕ್ಷಿಗೆ ಕೂರಿಸಿಕೊಂಡು ಪೀಟ್ರಿ ಬಟ್ಟೆ ಕತ್ತರಿಸಿದ. ನಾಲ್ಕು ಬಳೆ. ತೋಳಿನ ಮೇಲೆ ಇದ್ದ ಹಾಗೇ ಫೋಟೋ ತೆಗೆದು, ಆಮೇಲೆ ಬಿಡಿಸಿದ. ಚಿನ್ನವನ್ನು ಅವನ ಕಣ್ಣೆದುರೇ ತಕ್ಕಡಿಯಲ್ಲಿಟ್ಟು, ಇನ್ನೊಂದು ತಟ್ಟೆಯಲ್ಲಿ ಇಂಗ್ಲೆಂಡಿನ ಸವರನ್ ಚಿನ್ನದ ನಾಣ್ಯ ಹಾಕಿ ತೂಗಿ, ತೂಕಕ್ಕಿಂತ ಸ್ವಲ್ಪ ಜಾಸ್ತಿಯೇ ಕೂಲಿಗಳಿಗೆ ಕೊಟ್ಟ. ಆ ನಾಲ್ಕು ಜನರ ಹೆಸರು ನಾನು ಓದಿದ ಕಡೆ ಎಲ್ಲೂ ಸಿಗಲಿಲ್ಲ. ಅವರು ಕದಿಯದೆ ಬಿಟ್ಟಿದ್ದಕ್ಕೇ ನಾವು ಇವತ್ತು ಮಾತಾಡುತ್ತಿದ್ದೇವೆ.

ಬಳೆಗಳನ್ನು ನಾನು ಕೈರೋ ಮ್ಯೂಸಿಯಂನಲ್ಲಿ ನೋಡಿದ್ದೇನೆ. ಒಂದರಲ್ಲಿ 27 ಪುಟ್ಟ ಬಿಲ್ಲೆಗಳು. ಚಿನ್ನದ್ದೊಂದು, ಫಿರೋಜಾ ಕಲ್ಲಿನದ್ದೊಂದು, ಹೀಗೆ ಸಾಲಾಗಿ. ಪ್ರತಿ ಬಿಲ್ಲೆಯೂ ಅರಮನೆಯ ಮುಂಗೋಡೆ, ಅದರ ಸೂರಿನ ಮೇಲೆ ಗಿಡುಗ. ಸಾಗರದ ಹುಡುಗಿಗೆ ಹೇಳಿದೆನಲ್ಲ, ಅದೇ ಗಿಡುಗ. ಚಿನ್ನದ ಗಿಡುಗಗಳನ್ನು ಎರಡು ಹೋಳಿನ ಅಚ್ಚಿನಲ್ಲಿ ಎರಕ ಹೊಯ್ದು, ಸೇರಿದ ಗೆರೆ ಕಾಣದ ಹಾಗೆ ಉಜ್ಜಿ ನಯ ಮಾಡಿದ್ದಾರೆ. ಗಾಜಿಗೆ ಮೂಗು ತಾಗಿಸಿ ಹುಡುಕಿದೆ, ಗೆರೆ ಸಿಗಲಿಲ್ಲ. ಎರಡನೆಯ ಬಳೆಯಲ್ಲಿ ಚಿನ್ನದ ಹೂವು, ಅದರ ಅಕ್ಕಪಕ್ಕ ಫಿರೋಜಾ ಮತ್ತು ಕಡುನೀಲಿ ಲಾಪಿಸ್ ಲಾಜುಲಿ ಮಣಿ. ಲಾಪಿಸ್ ಬಂದದ್ದು ಈಗಿನ ಅಫ್ಘಾನಿಸ್ತಾನದ ಬೆಟ್ಟಗಳಿಂದ. ಐದು ಸಾವಿರ ವರ್ಷದ ಹಿಂದೆ, ಯೋಚನೆ ಮಾಡಿ. ಈ ಬಳೆಯ ಹಿಂಭಾಗದ ಪಟ್ಟಿಯನ್ನು ದಪ್ಪ ಕೂದಲು ಮತ್ತು ಅಷ್ಟೇ ದಪ್ಪದ ಚಿನ್ನದ ತಂತಿ ಸೇರಿಸಿ ಹೆಣೆದಿದ್ದರು.

ಹೆಣೆದಿದ್ದರು ಎಂದೇಕೆ ಬರೆದೆ ಅಂದರೆ, ಆ ಹೆಣಿಗೆಗೆ ಆಮೇಲೆ ಕತ್ತರಿ ಬಿತ್ತು. ಪೀಟ್ರಿ ಎಲ್ಲವನ್ನೂ ಕೈರೋ ಮ್ಯೂಸಿಯಂಗೆ ಕಳಿಸಿದ. ಅಲ್ಲಿ ಅಧಿಕಾರಿಯಾಗಿದ್ದವನು ಎಮಿಲ್ ಬ್ರುಗ್ಶ್. ಅವನಿಗೆ ಬೇಕಾಗಿದ್ದದ್ದು ಪ್ರದರ್ಶನಕ್ಕೆ ಇಡುವಂಥದ್ದು ಮಾತ್ರ. ಹೆಣೆದ ಚಿನ್ನದ ತಂತಿಯ ಭಾಗವನ್ನು ಕತ್ತರಿಸಿ ಹಾಕಿದ. ತೋಳನ್ನೂ ಬಟ್ಟೆಯನ್ನೂ ಬಿಸಾಡಿದ. ಪೀಟ್ರಿ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದು, ಕೊನೆಗೆ ಮ್ಯೂಸಿಯಂ ಅಂದರೆ ಅಪಾಯದ ಜಾಗ ಎಂದಿದ್ದಾನೆ.

ಆ ತೋಳು ಯಾರದ್ದು? ಪೀಟ್ರಿ ಅರಸಿಯದು ಎಂದ. ದೊರೆಯದೇ ಎನ್ನುವವರೂ ಇದ್ದಾರೆ. ಮೂಳೆ ಇದ್ದಿದ್ದರೆ ಗಂಡೋ ಹೆಣ್ಣೋ, ವಯಸ್ಸೆಷ್ಟು ಎಂದು ಇವತ್ತಿನ ಲ್ಯಾಬ್ ಹೇಳುತ್ತಿತ್ತು. ಬಟ್ಟೆ ಇದ್ದಿದ್ದರೆ ಅದಕ್ಕೆ ಏನು ಸವರಿದ್ದರು, ರಾಳವೋ ಎಣ್ಣೆಯೋ, ಅದೂ ಗೊತ್ತಾಗುತ್ತಿತ್ತು. ಹೆಣಕ್ಕೆ ಬಟ್ಟೆ ಸುತ್ತಿ ಕಾಪಾಡುವ ವಿದ್ಯೆ ರಾಜರ ಮನೆಯಲ್ಲಿ ಆಗ ಎಲ್ಲಿಗೆ ಬಂದಿತ್ತು ಎಂದು ಹೇಳಬಲ್ಲ ಸಾಕ್ಷಿ ಅದೊಂದೇ ತೋಳು. ಈಗ ಉಳಿದಿರುವುದು ಒಂದು ಫೋಟೋ.

ಇನ್ನೊಂದು ಉಳಿದಿದೆ, ಅದು ಒಂದು ಎಣಿಕೆ. ಆ ಸಮಾಧಿಯ ಅಗಸೆ ನಾರಿನ ಬಟ್ಟೆಯಲ್ಲಿ ಒಂದು ಇಂಚಿಗೆ ಹಾಸಿನಲ್ಲಿ 160 ಎಳೆ, ಹೊಕ್ಕಿನಲ್ಲಿ 120 ಎಳೆ. ನಾನು ಮೂವತ್ತು ವರ್ಷ ಎಳೆ ಎಣಿಸಿದವಳು. ಇದನ್ನು ಮೊದಲ ಸಲ ಓದಿದ ದಿನ ನಮ್ಮ ಯಜಮಾನರ ಒಳ್ಳೆ ಪಂಚೆ ತೆಗೆದು, ಮೇಜಿನ ಮೇಲೆ ಹರಡಿ, ಭೂತಗನ್ನಡಿ ಇಟ್ಟು ಸೂಜಿಯ ಮೊನೆಯಲ್ಲಿ ಒಂದೊಂದೇ ಎಳೆ ಎಣಿಸಿದೆ. ನೂರು ಮುಟ್ಟಲಿಲ್ಲ. ಆ ನಾರನ್ನು ಕೈಯಲ್ಲೇ ಸೀಳಿ, ಕೈಯಲ್ಲೇ ನೂತು, ನೆಲದ ಮೇಲೆ ಚಾಚಿದ ಮಗ್ಗದಲ್ಲಿ ಬಗ್ಗಿ ಕೂತು ನೇಯ್ದಿದ್ದಾರೆ. ಅಂಥ ಬಟ್ಟೆಯನ್ನು ಕಸಕ್ಕೆ ಹಾಕಿದರು.

ಬ್ರುಗ್ಶ್‌ನನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಓಲೆಗರಿಯ ಕಟ್ಟು ಬಂತು. ಕೆಂಪು ಹತ್ತಿ ಬಟ್ಟೆಯಲ್ಲಿ ಸುತ್ತಿತ್ತು. ಗರಿಗಳನ್ನು ದಾಖಲೆ ಮಾಡಿ, ಬಟ್ಟೆ ಹುಳ ಬಿದ್ದೀತು, ಆಚೆ ಹಾಕಿ ಎಂದರು ಮೇಲಿನವರು. ಆಚೆ ಹಾಕಿದೆ. ಎರಡು ದಿನ ಮನಸ್ಸು ಕೊರೆಯಿತು. ಹೋಗಿ ಕೇಳಿದರೆ, ಗುಡಿಸುವ ಅಮ್ಮ ಅದನ್ನು ಸೋಪು ಹಾಕಿ ಒಗೆದು ಹಗ್ಗದ ಮೇಲೆ ಒಣಹಾಕಿದ್ದರು. ಪಾಪ, ಅವರ ತಪ್ಪೇನಿಲ್ಲ. ತಂದುಕೊಂಡೆ. ಎಷ್ಟೋ ತಲೆಮಾರಿನ ಕೈಯೆಣ್ಣೆ, ಅರಿಶಿನ, ದೀಪದ ಹೊಗೆ, ಎಲ್ಲ ಹೋಗಿ ಸುಮ್ನೆ ಒಂದು ಕೆಂಪು ಬಟ್ಟೆ ಉಳಿದಿತ್ತು. ಅವತ್ತಿನಿಂದ ಯಾವ ಗಂಟು ಬಂದರೂ ನಾನು ಮೊದಲು ಬಟ್ಟೆಯ ಹೆಸರು ಬರೆಯುತ್ತಿದ್ದೆ, ಆಮೇಲೆ ಒಳಗಿನ ವಸ್ತುವಿನದು.

ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆ ಬೆಳ್ಳಿ ಕಡಗಗಳು ಒಂದು ಜೀರ್ಣವಾದ ಬಟ್ಟೆಯಲ್ಲಿ ಸುತ್ತಿ ಸಿಕ್ಕಿವೆ. ಬಟ್ಟೆ ಮುಟ್ಟಿದರೆ ಪುಡಿಯಾಗುತ್ತಿದೆ. ಬಿಸಾಡಲೇ?
— ಓದುಗರು, ಇಳಕಲ್

ಬಿಸಾಡಬೇಡಿ ತಾಯಿ. ಒಗೆಯಲೂ ಬೇಡಿ, ಬಿಸಿಲಿಗೆ ಹಾಕಲೂ ಬೇಡಿ.

ಕಡಗ ಬಿಚ್ಚುವ ಮೊದಲು ಗಂಟು ಇದ್ದ ಹಾಗೇ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಬಟ್ಟೆಯ ಕೆಳಗೆ ದಪ್ಪ ಕಾಗದ ತೂರಿಸಿ, ಕಾಗದದ ಸಮೇತ ಎತ್ತಿ. ಬಣ್ಣ ಹಾಕದ ಹತ್ತಿ ಬಟ್ಟೆಯನ್ನು ಬರೀ ನೀರಿನಲ್ಲಿ ಎರಡು ಮೂರು ಸಲ ಒಗೆದು ಪೂರ್ತಿ ಒಣಗಿಸಿ, ಅದರ ನಡುವೆ ಇದನ್ನು ಮಡಿಸದೆ ಇಡಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರುತ್ತದೆ. ನುಸಿಗುಳಿಗೆಯೂ ಬೇಡ. ಒಂದು ಚೀಟಿಯಲ್ಲಿ ಅಜ್ಜಿಯ ಹೆಸರು, ಪೆಟ್ಟಿಗೆ ಯಾವ ಮನೆಯಲ್ಲಿತ್ತು, ಯಾವತ್ತು ತೆರೆದಿರಿ ಎಂದು ಪೆನ್ಸಿಲ್‌ನಲ್ಲಿ ಬರೆದು ಜತೆಗಿಡಿ. ಪೆನ್ನಿನ ಮಸಿ ಹರಡುತ್ತದೆ.

ನೀವು ಇಳಕಲ್‌ನವರು. ಆ ಬಟ್ಟೆ ಯಾವುದಾದರೂ ಸೀರೆಯ ಸೆರಗಿನ ತುಂಡು ಇದ್ದರೂ ಇರಬಹುದು. ಸೆರಗು ಮೈಗೆ ಕೂಡಿದ ಜಾಗ ಉಳಿದಿದ್ದರೆ, ಕುಣಿಕೆ ಹಾಕಿ ಕೂಡಿಸಿದ ತೊಪ್ಪು ತೆನಿ ನೇಯ್ಗೆ ಕಾಣುತ್ತದೆಯಾ ನೋಡಿ. ಫೋಟೋ ಕಳಿಸಿದರೆ ಎಳೆ ಎಣಿಸಿ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.